ಎಳೆಯ ಕೂಸಿನ ಸೊಂಟದ ಕೀಲು

ಅರಕಲಗೂಡು ತಾಲ್ಲೂಕಿನ ಕೊಣನೂರು ಕಾವೇರಿಯ ದಂಡೆಯ ಮೇಲಿರುವ ಊರು. ಆ ಊರಿನಲ್ಲಾಗಲಿ ಸುತ್ತಣ ಹಳ್ಳಿಗಳಲ್ಲಾಗಲಿ ಬಾಣಂತಿಯಿರುವ ಮನೆಯನ್ನು ಗುರುತಿಸುವುದು ಕಷ್ಟವಲ್ಲ. ಬೆಳಗಾಗುತ್ತಲೇ ಬಚ್ಚಲಿನ ಹಂಡೆಯಲ್ಲಿ ನೀರು ಕಾಯುತ್ತದೆ. ಸಾಂಬ್ರಾಣಿಯ ಹೊಗೆ ಹೊರಕ್ಕೆ ಹಬ್ಬುತ್ತದೆ. ಒಳಗೆ ಅಜ್ಜಿಯು ಮಣೆಯ ಮೇಲೆ ಕಾಲು ನೀಡಿ ಕುಳಿತು, ಕೂಸನ್ನು ತನ್ನ ಕಾಲುಗಳ ಮೇಲೆ ಮಲಗಿಸಿಕೊಂಡು, ಎಣ್ಣೆ ನೀವಿ ನೀರೆರೆಯುತ್ತಾಳೆ. ನೀವುವಾಗ ಕೂಸಿನ ಎರಡು ಕಾಲುಗಳನ್ನೂ ಜೋಡಿಸಿ ಕೆಳಕ್ಕೆ ಎಳೆಯುವುದು, ಮಿಂದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಕೈಕಾಲು ಅಲುಗದಂತೆ ಬಿಗಿಯಾಗಿ ಸುತ್ತಿ ಮಲಗಿಸುವುದು ಅನೇಕ ಮನೆಗಳ ವಾಡಿಕೆ. ಏಕೆಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಹಂಗೇ ಬಿಟ್ರೆ ಕಾಲು ಸೊಟ್ಟಾಗ್ತವೆ ಕಣವ್ವ.”

ಬಹುಪಾಲು ಮಕ್ಕಳು ಇದನ್ನೆಲ್ಲ ತಾಳಿಕೊಂಡು ಬೆಳೆಯುತ್ತಾರೆ. ಆದರೆ ಸಾವಿರಕ್ಕೆ ಒಂದೆರಡರಂತೆ ಸೊಂಟದ ಕೀಲು ತಪ್ಪಿದ ಕೂಸುಗಳು ಹುಟ್ಟುವುದುಂಟು. ಕೀಲು ಸಡಿಲವಾಗಿರುವ ಕೂಸುಗಳ ಸಂಖ್ಯೆ ಇದಕ್ಕಿಂತ ಹೆಚ್ಚು. ಅಂತಹ ಕೂಸಿಗೆ ಚಿಕಿತ್ಸೆ ಸುಲಭವಾಗಿ ಫಲಿಸುವ ವಾರಗಳೂ ಬಾಣಂತನದ ವಾರಗಳೂ ಒಂದೇ. ವೈದ್ಯರು ಕೂಸನ್ನು ವಾರಕ್ಕೋ ಎರಡು ವಾರಕ್ಕೋ ಒಮ್ಮೆ ನೋಡುತ್ತಾರೆ. ಉಳಿದೆಲ್ಲ ಹೊತ್ತು ಅದು ತಾಯಿಯ ಮತ್ತು ಅಜ್ಜಿಯ ಕೈಯಲ್ಲಿರುತ್ತದೆ.

ಈ ಕೀಲಿನ ರಚನೆಯನ್ನು ತಿಳಿಯಲು ಅಡುಗೆಮನೆಯ ರುಬ್ಬುವ ಒರಳನ್ನು ನೆನೆದರೆ ಸಾಕು. ಸೊಂಟದೆಲುಬಿನಲ್ಲಿರುವ ಬಟ್ಟಲೇ ಒರಳಿನ ಕುಳಿ. ತೊಡೆಯೆಲುಬಿನ ದುಂಡನೆಯ ತಲೆಯೇ ಗುಂಡು. ಹುಟ್ಟಿದಾಗ ಇವೆರಡೂ ಬಹುಮಟ್ಟಿಗೆ ಮೃದ್ವಸ್ಥಿಯಿಂದಾದವು. ಒರಳಿನ ಕುಳಿಯನ್ನು ಕಲ್ಲುಕುಟಿಗನು ಕಡೆದರೂ ಅದನ್ನು ನಯವಾಗಿ ತೀಡುವುದು ಗುಂಡಲ್ಲವೆ? ಇಲ್ಲಿಯೂ ಹಾಗೆಯೇ. ಗುಂಡು ಬಟ್ಟಲಿನ ನಡುವೆ ಕುಳಿತು ಆಡುತ್ತಿದ್ದರೆ ಮಾತ್ರ ಬಟ್ಟಲು ಆಳವಾಗಿ, ದುಂಡಾಗಿ ಬೆಳೆಯುತ್ತದೆ. ಗುಂಡು ಅಂಚಿಗೆ ಸರಿದಿದ್ದರೆ ಬಟ್ಟಲು ತಟ್ಟೆಯಂತೆ ಚಪ್ಪಟೆಯಾಗುತ್ತದೆ; ಚಪ್ಪಟೆಯಾದ ಬಟ್ಟಲಿನಿಂದ ಗುಂಡು ಮತ್ತಷ್ಟು ಜಾರುತ್ತದೆ. ಇದನ್ನೇ ವೈದ್ಯರು ಸೊಂಟದ ಡಿಸ್‌ಪ್ಲೇಸಿಯ ಎನ್ನುತ್ತಾರೆ.

ದೋಷವುಳ್ಳ ಐದು ಕೂಸುಗಳಲ್ಲಿ ಸುಮಾರು ನಾಲ್ಕು ಹೆಣ್ಣು. ಹೆರಿಗೆಯ ಕಾಲದಲ್ಲಿ ತಾಯಿಯ ದೇಹದ ಕೀಲುಗಳನ್ನು ಸಡಿಲಿಸುವ ರಸಗಳು ಹೆಣ್ಣುಕೂಸನ್ನು ಹೆಚ್ಚಾಗಿ ತಾಕುತ್ತವೆಂಬುದು ಒಂದು ವಿವರಣೆ. ಚೊಚ್ಚಲು ಕೂಸಿನಲ್ಲಿ, ಗರ್ಭದಲ್ಲಿ ತಲೆ ಮೇಲಾಗಿ ಕುಳಿತಿದ್ದ ಕೂಸಿನಲ್ಲಿ, ಮನೆತನದಲ್ಲಿ ಈ ದೋಷವಿದ್ದವರ ಮಕ್ಕಳಲ್ಲಿ ಇದು ಹೆಚ್ಚು. ಎಡ ಸೊಂಟವೇ ಹೆಚ್ಚಾಗಿ ತೊಂದರೆಗೀಡಾಗುತ್ತದೆ. ಬಹಳ ಕೂಸುಗಳು ಗರ್ಭದಲ್ಲಿ ಎಡತೊಡೆಯನ್ನು ತಾಯಿಯ ಬೆನ್ನೆಲುಬಿಗೆ ಒತ್ತಿಕೊಂಡಿರುವುದು ಅದಕ್ಕೆ ಕಾರಣವೆನ್ನುತ್ತಾರೆ.

ಕೂಸಿಗೆ ಇದರಿಂದ ನೋವಿಲ್ಲ, ಅದು ಅಳುವುದಿಲ್ಲ. ಅಪಾಯವಿರುವುದೇ ಅಲ್ಲಿ. ಗಮನಕ್ಕೆ ಬಾರದೆ ಹೋದರೆ ಮಗು ನಡೆಯತೊಡಗಿದಾಗ ಕುಂಟು ಕಾಣುತ್ತದೆ. ಆಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಅದೂ ಆಗದಿದ್ದರೆ ನಡುವಯಸ್ಸಿಗೆ ಮೊದಲೇ ಕೀಲು ಸವೆದು ಸಂಧಿವಾತಕ್ಕೆ ಎಡೆಯಾಗುತ್ತದೆ.

ಇಟಲಿಯ ಫೆರಾರ ನಗರದ ಮಕ್ಕಳ ವೈದ್ಯ ಮರೀನೊ ಒರ್ತೊಲಾನಿ ಎಂಬವರ ಬಳಿಗೆ 1930ರ ದಶಕದಲ್ಲಿ ಒಬ್ಬ ತಾಯಿ ಬಂದಳು. ಕೂಸನ್ನು ತೊಳೆಯುವಾಗ ಸೊಂಟದಲ್ಲಿ ಏನೋ ‘ಕ್ಲಿಕ್’ ಎನ್ನುತ್ತದೆ ಎಂಬುದು ಅವಳ ದೂರು. ತೊಡೆಗಳನ್ನು ಮಡಿಸಿ ಮೆಲ್ಲನೆ ಅಗಲಿಸಿದಾಗ ಜಾರಿದ ಗುಂಡು ಬಟ್ಟಲಿನೊಳಕ್ಕೆ ಮರಳುವ ಸದ್ದು ಅದು. ಇಂದಿಗೂ ನವಜಾತ ಶಿಶುವನ್ನು ಪರೀಕ್ಷಿಸುವ ವೈದ್ಯರು ಒರ್ತೊಲಾನಿಯ ಈ ವಿಧಾನವನ್ನೂ, ಇಂಗ್ಲೆಂಡಿನ ಬಾರ್ಲೊ 1962ರಲ್ಲಿ ಪ್ರಕಟಿಸಿದ ಇನ್ನೊಂದನ್ನೂ ಬಳಸುತ್ತಾರೆ. ಸಡಿಲವಾದ ಕೀಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ವಾರದಲ್ಲೇ ತಾವಾಗಿ ಬಿಗಿಯಾಗುತ್ತವೆಂದು ತೋರಿಸಿದವರೂ ಬಾರ್ಲೊ ಅವರೇ. ಎಳೆಯ ಮೃದ್ವಸ್ಥಿಯು ಕ್ಷ-ಕಿರಣದ ಚಿತ್ರದಲ್ಲಿ ಕಾಣದು. ಆದಕಾರಣ ಮೊದಲ ನಾಲ್ಕಾರು ತಿಂಗಳು ಅಲ್ಟ್ರಾಸೌಂಡ್ ಪರೀಕ್ಷೆಯೇ ನೆರವು. ಅದನ್ನು ಈ ಕೆಲಸಕ್ಕೆ 1980ರಲ್ಲಿ ತಂದವರು ಆಸ್ಟ್ರಿಯದ ಗ್ರಾಫ್. ನಮ್ಮ ದೇಶದಲ್ಲಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಗುರುತಿಸಬೇಕಾದ ಜನ್ಮದೋಷಗಳ ಪಟ್ಟಿಯಲ್ಲಿ ಇದೂ ಸೇರಿದೆ. ಹೆರಿಗೆಯಾದ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಮುಂದೆ ಕೂಸಿನ ಬಟ್ಟೆ ಬಿಚ್ಚಿ ತೋರಿಸಲು ಸಂಕೋಚಪಡಬೇಕಾಗಿಲ್ಲ.

ದೋಷ ಖಚಿತವಾದ ಎಳೆಗೂಸಿಗೆ ಸಾಮಾನ್ಯವಾಗಿ ತೊಡಿಸುವುದು ಪಾವ್ಲಿಕ್ ಪಟ್ಟಿ. ಮೊದಲು ಕಾಲುಗಳನ್ನು ಬಲವಂತವಾಗಿ ಅಗಲಿಸಿ ಗಾರೆಪಟ್ಟಿನಲ್ಲಿ ಬಂಧಿಸುತ್ತಿದ್ದರು. ಅದರಿಂದ ತೊಡೆಯೆಲುಬಿನ ತಲೆಗೆ ರಕ್ತಸಂಚಾರ ತಪ್ಪಿ ಎಲುಬು ಸಾಯುವುದೂ ಇತ್ತು. ಚೆಕ್ ವೈದ್ಯ ಅರ್ನಾಲ್ಡ್ ಪಾವ್ಲಿಕ್ 1940ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಭುಜದ ಮೇಲಿನಿಂದ ಇಳಿದ ಮೆತ್ತನೆಯ ಪಟ್ಟಿಗಳು ಎರಡು ಪಾದಗಳನ್ನೂ ಎತ್ತಿ ಹಿಡಿದಿರುತ್ತವೆ. ಅವರ ನಾಡಿನಲ್ಲಿ ಇದಕ್ಕೆ ‘ರಿಕಾಪು’ ಎಂಬರ್ಥದ ಹೆಸರೇ ಉಂಟು: ಕುದುರೆಯ ಸವಾರನು ಪಾದವಿಡುವ ಬಳೆಯ ಹೆಸರು. ಮೊಣಕಾಲು ಮೇಲಕ್ಕೆ ಮಡಿಸಿರುತ್ತದೆ, ತೊಡೆಗಳು ತಮ್ಮ ಭಾರಕ್ಕೇ ಅಗಲುತ್ತವೆ. ಕೂಸು ಒದೆಯಬಲ್ಲುದು, ಕಾಲು ನೀಡಲಾರದು. ಆ ಒದೆತವೇ ಗುಂಡನ್ನು ಬಟ್ಟಲಿನಲ್ಲಿ ಆಡಿಸುತ್ತದೆ. ಚಿಕಿತ್ಸೆಯನ್ನು ಬೇಗ ಆರಂಭಿಸಿದಷ್ಟೂ ಫಲ ಹೆಚ್ಚು. ಆರು ತಿಂಗಳು ಕಳೆದ ಮೇಲೆ ಇದರ ಉಪಯೋಗ ತೀರ ಕಡಿಮೆ.

ಈ ಪಟ್ಟಿಯನ್ನು ತೊಟ್ಟ ಕೂಸು ಮನೆಗೆ ಬಂದಿದೆಯೆಂದು ಭಾವಿಸೋಣ. ಮೊದಲ ಪ್ರಶ್ನೆ ಸ್ನಾನದ್ದೇ. ಹಗಲುರಾತ್ರಿ ಪಟ್ಟಿಯಿರಬೇಕೆಂದು ವೈದ್ಯರು ಹೇಳಿದ್ದರೆ ಬಚ್ಚಲಿನ ಎಣ್ಣೆನೀರನ್ನು ಕೆಲವು ವಾರ ಬಿಡಲೇಬೇಕು. ಅಜ್ಜಿಗೆ ಇದು ಕೂಸನ್ನು ಉಪವಾಸ ಕೆಡವಿದಷ್ಟು ಕಷ್ಟವೆನಿಸೀತು. ಆದರೆ ಒದ್ದೆ ಬಟ್ಟೆಯಿಂದ ಮೈಯೊರೆಸಿ, ಪಟ್ಟಿ ತಾಗದಂತೆ ತಲೆ ತೊಳೆಯಬಹುದು. ಪಟ್ಟಿಯ ಅಡಿಯಲ್ಲಿ ಎಣ್ಣೆಯೂ ಬೇಡ, ಪೌಡರೂ ಬೇಡ. ಅಲ್ಲಿ ಒದ್ದೆಯುಳಿದು ಚರ್ಮ ಬೆಂದುಹೋಗುತ್ತದೆ. ಮೊಣಕಾಲಿನ ಹಿಂದಿನ, ತೊಡೆಸಂದಿನ ಮಡಿಕೆಗಳನ್ನು ದಿನವೂ ಬಿಡಿಸಿ ನೋಡಿ ಒಣಗಿಸಬೇಕು. ತೆಳುವಾದ ಹತ್ತಿಯ ಅಂಗಿ ಪಟ್ಟಿಯ ಒಳಗಿರಲಿ. ಚೌಕವೂ ಪಟ್ಟಿಯ ಒಳಗೇ ಇರಲಿ. ಚೌಕ ಬದಲಿಸುವಾಗ ಎರಡು ಹಿಮ್ಮಡಿಗಳನ್ನು ಜೋಡಿಸಿ ಹಿಡಿದು ಮೇಲೆತ್ತುವುದು ನಮ್ಮೆಲ್ಲರ ಅಭ್ಯಾಸ. ಇಲ್ಲಿ ಹಾಗೆ ಮಾಡದೆ ಅಂಗೈಯನ್ನು ಪೃಷ್ಠದ ಅಡಿಗೆ ಜಾರಿಸಿ ಎತ್ತಬೇಕು.

ಮಲಗಿಸುವುದು ಅಂಗಾತ. ಸೀರೆಯಿಂದ ಕಟ್ಟಿದ ಜೋಲಿಯು ಎರಡು ಬದಿಯಿಂದಲೂ ತೊಡೆಗಳನ್ನು ಒತ್ತಿ ಕೂಡಿಸುವುದರಿಂದ ಅದು ಸಲ್ಲದು. ಅಗಲವಾದ ಹಾಸಿಗೆಯೇ ಲೇಸು. ಹಾಲೂಡಿಸುವಾಗಲೂ ಎರಡು ಕಾಲುಗಳು ಒತ್ತಿಕೊಳ್ಳಬಾರದು. ಕೂಸು ಬೆಳೆದಂತೆ ಪಟ್ಟಿ ಗಿಡ್ಡವಾಗುತ್ತದೆ. ಅದನ್ನು ಸರಿಪಡಿಸುವುದು ವೈದ್ಯರ ಕೆಲಸ, ಮನೆಯವರದಲ್ಲ. ಪಟ್ಟಿಯು ತೊಡೆಯನ್ನು ಅತಿಯಾಗಿ ಮಡಿಸಿದರೆ ನರವೊಂದು ಅದುಮಿಹೋಗಿ, ಕೂಸು ಮೊಣಕಾಲನ್ನು ಚಾಚಿ ಒದೆಯುವುದನ್ನು ನಿಲ್ಲಿಸುತ್ತದೆ. ನಿನ್ನೆ ಒದೆಯುತ್ತಿದ್ದ ಕಾಲು ಇಂದು ಸುಮ್ಮನಿದ್ದರೆ, ಪಾದ ಊದಿಕೊಂಡರೆ ಅಥವಾ ಬಣ್ಣಗೆಟ್ಟರೆ, ಮುಂದಿನ ಭೇಟಿಯ ದಿನಕ್ಕಾಗಿ ಕಾಯದೆ ಅಂದೇ ಹಾಸನದ ಬಸ್ಸು ಹತ್ತಬೇಕು. ಇದನ್ನು ಮೊದಲು ಕಾಣಬಲ್ಲವರು ಕೂಸಿನ ಬಳಿ ಸದಾ ಇರುವವರೇ.

ಬಿಗಿಯಾಗಿ ಸುತ್ತುವ ಪದ್ಧತಿ ನಮ್ಮದು ಮಾತ್ರವಲ್ಲ. ಜಪಾನಿನಲ್ಲಿ ಕೂಸಿನ ಕಾಲುಗಳನ್ನು ನೀಳವಾಗಿ ಸುತ್ತುತ್ತಿದ್ದ ಕಾಲದಲ್ಲಿ ನೂರಕ್ಕೆ 1ರಿಂದ 3ರಷ್ಟು ಕೂಸುಗಳಲ್ಲಿ ಕೀಲು ತಪ್ಪಿರುತ್ತಿತ್ತು. 1975ರ ಸುಮಾರಿಗೆ ಕಾಲುಗಳನ್ನು ಸಡಿಲ ಬಿಡಿರೆಂದು ಅಜ್ಜಿಯರಿಗೂ ತಾಯಂದಿರಿಗೂ ತಿಳಿಹೇಳುವ ಪ್ರಚಾರ ನಡೆಯಿತು. ಕೆಲವೇ ವರ್ಷಗಳಲ್ಲಿ ಈ ಪ್ರಮಾಣ ಸಾವಿರಕ್ಕೆ 2ರ ಮಟ್ಟಕ್ಕೆ ಇಳಿಯಿತು. ಔಷಧವಿಲ್ಲ, ಯಂತ್ರವಿಲ್ಲ, ಬದಲಾದದ್ದು ಬಟ್ಟೆ ಸುತ್ತುವ ರೀತಿ ಮಾತ್ರ. ಕೈಗಳನ್ನು ಸುತ್ತಿದರೂ ಚಿಂತೆಯಿಲ್ಲ, ಕಾಲುಗಳು ಕಪ್ಪೆಯಂತೆ ಮಡಿಸಿಕೊಳ್ಳುವಷ್ಟು ಎಡೆ ಸೊಂಟದ ಕೆಳಗಿದ್ದರಾಯಿತು.

ಹಾಗೆಂದು ಅಜ್ಜಿಯ ಶಾಸ್ತ್ರವನ್ನೆಲ್ಲ ತಳ್ಳಿಹಾಕುವುದು ನಮ್ಮ ಉದ್ದೇಶವಲ್ಲ. ಕುತ್ತಿಗೆ ನಿಂತ ಮಗುವನ್ನು ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಂಡು ನೀರು ತರಲು ಹೋಗುವ ನಮ್ಮ ಹೆಂಗಸರ ಚಿತ್ರವನ್ನು ನೆನೆಯಿರಿ. ಮೊಣಕಾಲು ಮಡಿಸಿ, ತೊಡೆ ಅಗಲಿಸಿ ಕುಳಿತ ಆ ಭಂಗಿಯು ಪಾವ್ಲಿಕ್ ಪಟ್ಟಿಯ ಭಂಗಿಗೆ ಬಹಳ ಹತ್ತಿರದ್ದು. ಮಕ್ಕಳನ್ನು ಹೀಗೆ ಹೊರುವ ಆಫ್ರಿಕದ ಅನೇಕ ಜನಾಂಗಗಳಲ್ಲಿ ಈ ದೋಷ ತೀರ ವಿರಳ. ಕೈಗಾಡಿಯೇ ಮೇಲೆಂದು ತಿಳಿದ ನಗರವಾಸಿಗಳು ಇದನ್ನು ಗಮನಿಸಬೇಕು.

ಪಟ್ಟಿಯು ಆರರಿಂದ ಹನ್ನೆರಡು ವಾರದವರೆಗೆ ಇರುವುದು ಸಾಮಾನ್ಯ. ತೆಗೆದ ದಿನ ಮನೆಯವರಿಗೆ ಹೊಸದೊಂದು ಗಾಬರಿ: ಕೂಸು ಕಾಲು ನೀಡದೆ, ಪಟ್ಟಿ ಇನ್ನೂ ಇದೆಯೋ ಎಂಬಂತೆ ಮಡಿಸಿಕೊಂಡೇ ಇರುತ್ತದೆ. ಎಳೆದು ನೇರ ಮಾಡುವ ಅಗತ್ಯವಿಲ್ಲ. ಕೆಲವು ದಿನಗಳಲ್ಲಿ ಅವು ತಾವಾಗಿಯೇ ಇಳಿಯುತ್ತವೆ. ಬಚ್ಚಲಿನ ಹಂಡೆಗೆ ಮತ್ತೆ ಉರಿ ಹಾಕಬಹುದು. ಆರು ತಿಂಗಳ ಹೊತ್ತಿಗೆ ಒಮ್ಮೆ, ನಡೆಯತೊಡಗುವ ಕಾಲಕ್ಕೆ ಇನ್ನೊಮ್ಮೆ ಕ್ಷ-ಕಿರಣದ ಚಿತ್ರ ತೆಗೆಸಿ, ಬಟ್ಟಲು ಆಳವಾಗಿದೆಯೇ ಎಂದು ವೈದ್ಯರು ಅಳೆದು ನೋಡುತ್ತಾರೆ.