ಮೊದಲೆರಡು ವರ್ಷ ‘ಪಾಸಾದ್ರೆ ಸಾಕು’ ಅಂದವರು ಯಾರು?

‘ಫಸ್ಟ್ ಇಯರ್, ಸೆಕೆಂಡ್ ಇಯರ್ ಪಾಸಾದ್ರೆ ಸಾಕು. ಎಂಡಿಎಸ್‌ಗೆ ಇಂಟರ್ನ್‌ಶಿಪ್‌ನಲ್ಲಿ ಓದಿಕೊಂಡರಾಯ್ತು.’ ಹುಣಸಮಾರನಹಳ್ಳಿಯಿಂದ ಹಿಡಿದು ಕೋಟೆಯ ಸರ್ಕಾರಿ ದಂತ ಕಾಲೇಜಿನವರೆಗೆ, ಬೆಂಗಳೂರಿನ ಬಿಡಿಎಸ್ ಮಕ್ಕಳಿಗೆ ಹಾಸ್ಟೆಲ್‌ನಲ್ಲಿ ಸಿಗುವ ಮೊದಲ ಉಪದೇಶ ಇದು. ಇಷ್ಟು ನಷ್ಟ ಮಾಡುವ ಉಪದೇಶ ಇನ್ನೊಂದಿಲ್ಲ.

ಲೆಕ್ಕ ನೋಡಿ. ಸ್ನಾತಕೋತ್ತರ ದಂತವೈದ್ಯಕೀಯದ ಪ್ರವೇಶ ಪರೀಕ್ಷೆಯಾದ ನೀಟ್-ಎಂಡಿಎಸ್‌ನಲ್ಲಿ 240 ಪ್ರಶ್ನೆ, ಒಂದಕ್ಕೆ 4 ಅಂಕದಂತೆ 960. ಅದರಲ್ಲಿ ‘ಎ’ ಭಾಗದ 100 ಪ್ರಶ್ನೆಗಳು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಡೆಂಟಲ್ ಅನಾಟಮಿ, ಜನರಲ್ ಪೆಥಾಲಜಿ, ಮೈಕ್ರೋಬಯಾಲಜಿ, ಫಾರ್ಮಕಾಲಜಿ, ಡೆಂಟಲ್ ಮೆಟೀರಿಯಲ್ಸ್‌ನವು. ಇವೆಲ್ಲ ಮೊದಲೆರಡು ವರ್ಷದ ವಿಷಯಗಳೇ. ಅಂದರೆ 400 ಅಂಕ ಅಲ್ಲಿದೆ! 2024ರಲ್ಲಿ ಸಾಮಾನ್ಯ ವರ್ಗಕ್ಕೆ ಮೊದಲು ಪ್ರಕಟಿಸಿದ ಅರ್ಹತಾ ಅಂಕ 263 ಇತ್ತು. ‘ಪಾಸಾದ್ರೆ ಸಾಕು’ ಎಂದು ಕೈಬಿಟ್ಟ ಭಾಗದ ಒಟ್ಟು ಅಂಕ ಅದಕ್ಕಿಂತ ಹೆಚ್ಚು.

ಇನ್ನು ಇಂಟರ್ನ್‌ಶಿಪ್‌ನ ಬಿಡುವಿನ ಮಾತು. 2024ರ ಪರೀಕ್ಷೆ ನಡೆದದ್ದು ಮಾರ್ಚ್ 18ಕ್ಕೆ. ಇಂಟರ್ನ್‌ಶಿಪ್ ಮುಗಿಸಲು ಕೊನೆಗೆ ಕೊಟ್ಟ ಗಡುವು ಜೂನ್ 30. ಎಷ್ಟೋ ಮಕ್ಕಳು ಡ್ಯೂಟಿಯಲ್ಲಿರುವಾಗಲೇ ಪರೀಕ್ಷೆ ಬರೆಯಬೇಕಾಯಿತು. ಬೆಳಗಿನಿಂದ ಓಪಿಡಿಯಲ್ಲಿ ನಿಂತು ಬಂದವರು ರಾತ್ರಿ ಕೂತು ಅನಾಟಮಿಯ ಬ್ರೇಕಿಯಲ್ ಪ್ಲೆಕ್ಸಸ್ಸನ್ನು ಹೊಸದಾಗಿ ಕಲಿಯುತ್ತಾರೆಯೇ? ಮೊದಲು ಓದಿದ್ದರೆ ತಿರುವಿ ಹಾಕಬಹುದು, ಅಷ್ಟೇ.

ಪರೀಕ್ಷೆಯ ಮಾತು ಬಿಡಿ. ಕೆಳದವಡೆಯ ಹಲ್ಲು ಕೀಳುವ ಮುನ್ನ ಅರಿವಳಿಕೆಯ ಸೂಜಿ ಹೋಗಬೇಕಾದದ್ದು ಟೆರಿಗೋಮ್ಯಾಂಡಿಬ್ಯುಲರ್ ಸ್ಪೇಸ್‌ಗೆ. ಸೂಜಿ ತೀರಾ ಹಿಂದಕ್ಕೆ ಹೋಗಿ ಪರೋಟಿಡ್ ಗ್ರಂಥಿಯೊಳಗೆ ಔಷಧ ಬಿದ್ದರೆ ಮುಖದ ನರ ಮಂಕಾಗಿ, ರೋಗಿಗೆ ಸ್ವಲ್ಪ ಹೊತ್ತು ಆ ಬದಿಯ ಕಣ್ಣು ಮುಚ್ಚಲಾಗುವುದಿಲ್ಲ. ಹಾಗೇಕಾಯಿತು ಎಂಬುದು ಮೊದಲ ವರ್ಷದ ಅನಾಟಮಿ. ಆ ಔಷಧದಲ್ಲಿ ಅಡ್ರಿನಲಿನ್ ಯಾಕಿದೆ, ಹೃದ್ರೋಗಿಗೆ ಎಷ್ಟು ಕೊಡಬಹುದು ಎಂಬುದು ಎರಡನೇ ವರ್ಷದ ಫಾರ್ಮಕಾಲಜಿ. ಕುರ್ಚಿಯಲ್ಲಿ ಕೂತ ರೋಗಿ ಯಾವ ವರ್ಷದ ಸಿಲಬಸ್ಸನ್ನೂ ಬಿಟ್ಟು ಬರುವುದಿಲ್ಲ.

ಉಳಿದ ನಂಬಿಕೆಗಳು ಇಷ್ಟು ಹೊತ್ತು ತಿನ್ನಲು ಯೋಗ್ಯವಲ್ಲ. ಎಂಡಿಎಸ್ ಸೀಟಿಗೆ ಬೇಕು ಎನ್ನುವ ಕಾನ್ಫರೆನ್ಸ್ ಸರ್ಟಿಫಿಕೇಟು, ದುಡ್ಡು ಕೊಟ್ಟು ಅಚ್ಚು ಮಾಡಿಸಿದ ಪೇಪರು, ಹೆಚ್‌ಓಡಿಗಳ ಶಿಫಾರಸು ಪತ್ರ ಇವು ಅಮೆರಿಕದ ರೆಸಿಡೆನ್ಸಿ ಅರ್ಜಿಗೆ ಬೇಕಾಗುವ ಸರಕು. ಕೇಂದ್ರದ ಎಂಸಿಸಿ ಅಥವಾ ರಾಜ್ಯದ ಕೆಇಎ ಕೌನ್ಸೆಲಿಂಗ್‌ನಲ್ಲಿ ಸಂದರ್ಶನವೇ ಇಲ್ಲ, ನೋಡುವುದು ರ‍್ಯಾಂಕು ಮತ್ತು ಮೀಸಲಾತಿ. ಮ್ಯಾನೇಜ್‌ಮೆಂಟ್ ಸೀಟಿಗೆ ನೀಟ್ ಬೇಡ ಎನ್ನುವುದು ಶುದ್ಧ ಸುಳ್ಳು. ಸಾಮಾನ್ಯ ವರ್ಗದ ಅರ್ಹತೆಗೆ ಬೇಕಾದ 50 ಪರ್ಸೆಂಟೈಲ್ ಎಂದರೆ ನೂರಕ್ಕೆ ಐವತ್ತು ಅಂಕ ಅಲ್ಲ. ತಪ್ಪಿಗೆ ಕಳೆಯುವುದು 1 ಅಂಕ. ನಾಲ್ಕು ಆಯ್ಕೆಯಲ್ಲಿ ಎರಡನ್ನು ತಳ್ಳಿಹಾಕಬಲ್ಲಿರಾದರೆ ಪ್ರಶ್ನೆ ಬಿಟ್ಟುಬರುವುದೇ ನಷ್ಟ.

ನನಗೆ ಸಿಟ್ಟು ಬರುವುದು ಇದಕ್ಕೆ: ಪ್ರಶ್ನೆಗಳ ಹಂಚಿಕೆ, ಅರ್ಹತೆ, ಗಡುವು ಎಲ್ಲವನ್ನೂ ಪರೀಕ್ಷಾ ಮಂಡಳಿ ಮಾಹಿತಿ ಪುಸ್ತಿಕೆಯಲ್ಲಿ ಬಿಟ್ಟಿ ಕೊಡುತ್ತದೆ. ಅದನ್ನು ತೆರೆಯುವವರಿಲ್ಲ. ಬ್ಯಾಕ್ಟೀರಿಯಾ ಯಾವುದೆಂದು ಕಲ್ಚರ್ ವರದಿ ಕೇಳುವ ಮಕ್ಕಳು, ತಮ್ಮ ಮೂರು ವರ್ಷದ ಎಂಡಿಎಸ್ ವಿಚಾರಕ್ಕೆ ವಾಟ್ಸ್ಯಾಪ್‌ನಲ್ಲಿ ಬಂದ ಯಾರೋ ಸೀನಿಯರ್ ಆಡಿಯೋ ನಂಬುತ್ತಾರೆ. ಆ ಸೀನಿಯರ್‌ಗೆ ಯಾವ ರ‍್ಯಾಂಕ್ ಬಂತು ಎಂದು ಕೇಳುವುದೂ ಇಲ್ಲ. ‘ಸೀಟು ಮಾಡಿಸಿಕೊಡುತ್ತೇನೆ’ ಎಂದು ಅಪ್ಪ-ಅಮ್ಮನಿಂದ ಮುಂಗಡ ಕೀಳುವ ದಲ್ಲಾಳಿ ಬದುಕುವುದೂ ಇದೇ ನಂಬಿಕೆಯ ಮೇಲೆ.

ಈಗ ಎರಡನೇ ವರ್ಷದಲ್ಲಿರುವವರಿಗೆ ಒಂದು ಮಾತು. ಪರೀಕ್ಷೆ ಮುಗಿದ ಮಾರನೇ ದಿನ ಫಾರ್ಮಕಾಲಜಿ ಪುಸ್ತಕವನ್ನು ಜೂನಿಯರ್‌ಗೆ ಮಾರಬೇಡಿ.