ಹಣ ಹೋಯಿತೆಂದು ಬರುವ ಎಸ್‌ಎಂಎಸ್: ಮೂರು ದಿನದ ಲೆಕ್ಕ ಶುರುವಾಗುವುದು ಅಲ್ಲಿಂದಲೇ

ಬ್ಯಾಂಕಿನಿಂದ ಬರುವ ಎಸ್‌ಎಂಎಸ್‌ಗಳನ್ನು ನಮ್ಮಲ್ಲಿ ಹೆಚ್ಚಿನವರು ಓದುವುದಿಲ್ಲ. ಹಾಲಿನವರಿಗೆ ಕೊಟ್ಟಿದ್ದು, ಆಟೋದವರಿಗೆ ಕೊಟ್ಟಿದ್ದು, ಕರೆಂಟ್ ಬಿಲ್ಲು ಕಟ್ಟಿದ್ದು, ಎಲ್ಲದಕ್ಕೂ ಒಂದೊಂದು ಮೆಸೇಜ್. ಫೋನಿನಲ್ಲಿ ಜಾಗ ಸಾಲದಾದಾಗ ಮೊದಲು ಅಳಿಸುವುದೂ ಇವನ್ನೇ. ಆದರೆ ನೀವು ಮಾಡದ ವ್ಯವಹಾರವೊಂದು ನಿಮ್ಮ ಖಾತೆಯಲ್ಲಿ ನಡೆದುಬಿಟ್ಟರೆ, ಹೋದ ಹಣ ವಾಪಸ್ ಬರುತ್ತದೆಯೇ, ಎಷ್ಟು ಬರುತ್ತದೆ ಎಂಬುದು ಬಹುಮಟ್ಟಿಗೆ ಈ ಮೆಸೇಜ್ ನಿಮಗೆ ಎಂದು ತಲುಪಿತು, ನೀವು ಬ್ಯಾಂಕಿಗೆ ಎಂದು ತಿಳಿಸಿದಿರಿ ಎಂಬ ಎರಡು ದಿನಾಂಕಗಳ ಮೇಲೆ ನಿಂತಿದೆ.

"ಆನ್‌ಲೈನಲ್ಲಿ ಹೋದ ದುಡ್ಡು ಹೋದ ಹಾಗೇ" ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಬ್ಯಾಂಕಿನ ಕೌಂಟರಿನಲ್ಲೇ ಹೀಗೆ ಹೇಳಿ ಕಳಿಸಿದ್ದುಂಟು. ಇದು ನಿಜವಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೊಂದು ಈ ವಿಷಯದಲ್ಲಿ ಗ್ರಾಹಕನ ಹೊಣೆ ಎಷ್ಟು, ಬ್ಯಾಂಕಿನ ಹೊಣೆ ಎಷ್ಟು ಎಂದು ಅಂಕಿ ಸಮೇತ ಹೇಳಿದೆ. ವಾಣಿಜ್ಯ ಬ್ಯಾಂಕುಗಳಷ್ಟೇ ಅಲ್ಲ, ಗ್ರಾಮೀಣ ಬ್ಯಾಂಕುಗಳೂ ಇದರ ವ್ಯಾಪ್ತಿಗೆ ಬರುತ್ತವೆ. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರಿನಲ್ಲಿ ಇಂಥದೇ ನಿಯಮ ಬಂತು. ಬ್ಯಾಂಕುಗಳಲ್ಲದ ಸಂಸ್ಥೆಗಳ ವ್ಯಾಲೆಟ್‌ಗಳಿಗೆ 2019ರಲ್ಲಿ ಬಂತು. ಆದರೆ ಊರಿನ ಕೃಷಿ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಅಲ್ಲಿನ ಠೇವಣಿಗೆ ಈ ರಕ್ಷಣೆ ಸಿಗುವುದಿಲ್ಲ.

ಬ್ಯಾಂಕು ಏನೇನು ತಿಳಿಸಬೇಕು?

ಎಲೆಕ್ಟ್ರಾನಿಕ್ ವ್ಯವಹಾರ ನಡೆದಾಗ ಎಸ್‌ಎಂಎಸ್ ಕಳಿಸುವುದು ಬ್ಯಾಂಕಿಗೆ ಕಡ್ಡಾಯ. ಇಮೇಲ್ ವಿಳಾಸ ಕೊಟ್ಟಿದ್ದರೆ ಅದಕ್ಕೂ ಕಳಿಸಬಹುದು. ಮೊಬೈಲ್ ನಂಬರನ್ನೇ ಕೊಡದ ಗ್ರಾಹಕರಿಗೆ ಎಟಿಎಂನಿಂದ ಹಣ ತೆಗೆಯುವುದೊಂದನ್ನು ಬಿಟ್ಟು ಬೇರೆ ಎಲೆಕ್ಟ್ರಾನಿಕ್ ಸೌಲಭ್ಯವನ್ನು ಬ್ಯಾಂಕು ನಿರಾಕರಿಸಬಹುದು. ದೂರು ಕೊಡಲು ದಿನದ 24 ಗಂಟೆಯೂ ದಾರಿಯಿರಬೇಕು. ಬಂದ ಮೆಸೇಜಿಗೇ ಉತ್ತರ ಕಳಿಸಿ "ಇದು ನಾನು ಮಾಡಿದ್ದಲ್ಲ" ಎಂದು ತಿಳಿಸಲು ಅನುಕೂಲ ಇರಬೇಕು, ಗ್ರಾಹಕ ಜಾಲತಾಣ ಹುಡುಕಿಕೊಂಡು ಹೋಗುವ ಹಾಗಿರಬಾರದು ಎಂದೂ ಸುತ್ತೋಲೆ ಹೇಳುತ್ತದೆ. (ನಿಮ್ಮ ಫೋನಿಗೆ ಬರುವ ಮೆಸೇಜ್ ಹಾಗಿದೆಯೇ, ಒಮ್ಮೆ ನೋಡಿ.) ದೂರು ಬಂದ ಕೂಡಲೇ ಅದಕ್ಕೊಂದು ನಂಬರು ಕೊಡಬೇಕು.

ಈ ಸುತ್ತೋಲೆಯಲ್ಲಿ ಅಷ್ಟಾಗಿ ಯಾರ ಕಣ್ಣಿಗೂ ಬೀಳದ ಒಂದು ಸಾಲಿದೆ. ಎಚ್ಚರಿಕೆಯ ಮೆಸೇಜ್ ಗ್ರಾಹಕನಿಗೆ ತಲುಪಿದ ದಿನ ಮತ್ತು ಸಮಯ, ಗ್ರಾಹಕನ ಉತ್ತರ ಬಂದ ದಿನ ಮತ್ತು ಸಮಯ, ಎರಡನ್ನೂ ಬ್ಯಾಂಕಿನ ವ್ಯವಸ್ಥೆ ದಾಖಲಿಸಿಟ್ಟುಕೊಳ್ಳಬೇಕು. ನನ್ನ ಮಟ್ಟಿಗೆ ಇಡೀ ಸುತ್ತೋಲೆಯಲ್ಲಿ ಗ್ರಾಹಕನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಸಾಲು ಇದೇ. "ನೀವು ತಡವಾಗಿ ಹೇಳಿದಿರಿ" ಎಂದು ಬ್ಯಾಂಕು ವಾದಿಸಿದರೆ "ಮೆಸೇಜ್ ನನಗೆ ತಲುಪಿದ ದಾಖಲೆ ತೋರಿಸಿ" ಎಂದು ಕೇಳಲು ಆಧಾರ ಸಿಗುವುದು ಇದರಿಂದ.

ಮೂರು ದಿನ, ಏಳು ದಿನ

ಲೆಕ್ಕ ಹೀಗಿದೆ. ತಪ್ಪು ಬ್ಯಾಂಕಿನದೇ ಆಗಿದ್ದರೆ, ಅಂದರೆ ಅದರ ನಿರ್ಲಕ್ಷ್ಯದಿಂದಲೋ ಅದರ ವ್ಯವಸ್ಥೆಯ ಲೋಪದಿಂದಲೋ ಹಣ ಹೋಗಿದ್ದರೆ, ನೀವು ಎಂದು ತಿಳಿಸಿದರೂ ನಿಮ್ಮ ನಷ್ಟ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ನಡುವೆ ಇನ್ನೆಲ್ಲೋ ಮಾಹಿತಿ ಸೋರಿದೆ ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಬೇಕು. ಆಗಲೂ ನಷ್ಟ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಪ್ರತಿ ವ್ಯವಹಾರದಲ್ಲಿ ನೀವು ಹೊರಬೇಕಾದ ನಷ್ಟಕ್ಕೆ ಒಂದು ಮಿತಿಯಿದೆ. ಜನಧನದಂಥ ಮೂಲ ಉಳಿತಾಯ ಖಾತೆಗೆ ₹5,000, ಸಾಮಾನ್ಯ ಉಳಿತಾಯ ಖಾತೆಗೆ ₹10,000. ಕ್ರೆಡಿಟ್ ಕಾರ್ಡಿನ ಮಿತಿ 5 ಲಕ್ಷದವರೆಗಿದ್ದರೆ ₹10,000, ಅದಕ್ಕಿಂತ ಹೆಚ್ಚಿದ್ದರೆ ₹25,000. ಹೋದ ಮೊತ್ತ ಈ ಮಿತಿಗಿಂತ ಕಡಿಮೆಯಿದ್ದರೆ ಆ ಮೊತ್ತವಷ್ಟೇ ನಿಮ್ಮ ನಷ್ಟ. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯಂತೆ ತೀರ್ಮಾನ.

ಉಳಿತಾಯ ಖಾತೆಯಿಂದ ಒಂದೇ ಸಲಕ್ಕೆ ₹40,000 ಹೋಯಿತು ಎಂದಿಟ್ಟುಕೊಳ್ಳಿ. ಎರಡನೇ ದಿನ ತಿಳಿಸಿದವರಿಗೆ ಪೂರ್ತಿ ₹40,000 ವಾಪಸ್. ಐದನೇ ದಿನ ತಿಳಿಸಿದವರಿಗೆ ₹30,000 ವಾಪಸ್, ₹10,000 ಹೋದಂತೆ.

ದಿನ ಎಣಿಸುವುದು ಹೇಗೆ ಎಂಬುದರಲ್ಲೂ ಗ್ರಾಹಕನಿಗೆ ಒಂದಿಷ್ಟು ಅನುಕೂಲವಿದೆ. ಮೆಸೇಜ್ ಬಂದ ದಿನವನ್ನು ಎಣಿಸುವಂತಿಲ್ಲ. ನಿಮ್ಮ ಖಾತೆಯಿರುವ ಶಾಖೆಯ ಕೆಲಸದ ದಿನಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಗುರುವಾರ ರಾತ್ರಿ ಮೆಸೇಜ್ ಬಂತು, ಶುಕ್ರವಾರ ಶಾಖೆ ತೆರೆದಿತ್ತು, ಮರುದಿನ ಎರಡನೇ ಶನಿವಾರ, ಆಮೇಲೆ ಭಾನುವಾರ. ಹಾಗಾದರೆ ಶುಕ್ರವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಹಾಗೆಂದು ಮಂಗಳವಾರದವರೆಗೆ ಕಾಯುವುದು ಜಾಣತನವಲ್ಲ. ಕದ್ದವರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸಲು ನಿಮಿಷಗಳು ಸಾಕು. ಬ್ಯಾಂಕಿಗೆ ತಿಳಿಸುವುದರ ಜೊತೆಗೇ 1930ಕ್ಕೆ ಫೋನ್ ಮಾಡಬೇಕು ಎನ್ನುವುದು ಅದಕ್ಕೇ.

ಬೆರಳಚ್ಚಿನ ಪ್ರಕರಣ

2023ರಲ್ಲಿ ಮಂಗಳೂರು, ಬೆಂಗಳೂರಿನ ಕಡೆ ವಿಚಿತ್ರ ದೂರುಗಳು ಬಂದವು. ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಣಿ ಮಾಡಿಸಿಕೊಂಡಿದ್ದ ಕೆಲವರ ಖಾತೆಯಿಂದ ಹಣ ಹೋಗಿತ್ತು. ಒಟಿಪಿ ಬಂದಿರಲಿಲ್ಲ, ಯಾರೂ ಫೋನ್ ಮಾಡಿರಲಿಲ್ಲ, ಯಾವ ಲಿಂಕನ್ನೂ ಒತ್ತಿರಲಿಲ್ಲ. ಹಣ ಹೋಗಿದ್ದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಿಂದ. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ಪಡೆಯುತ್ತೇವಲ್ಲ, ಅದೇ. ಅದಕ್ಕೆ ಬೇಕಾದುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟೇ.

ಸುತ್ತೋಲೆ ಹೇಳುವ "ತಪ್ಪು ಇಬ್ಬರದೂ ಅಲ್ಲ, ಬೇರೆಲ್ಲೋ" ಎಂಬ ಪರಿಸ್ಥಿತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಇಲ್ಲೊಂದು ತೊಡಕಿದೆ. ಈ ವ್ಯವಸ್ಥೆಯಲ್ಲಿ ಒಂದು ಸಲಕ್ಕೆ ತೆಗೆಯಬಹುದಾದ ಹಣದ ಗರಿಷ್ಠ ಮಿತಿ ₹10,000. ಸಾಮಾನ್ಯ ಉಳಿತಾಯ ಖಾತೆಯವರು ನಾಲ್ಕನೇ ದಿನಕ್ಕೆ ಜಾರಿದರೆ ಹೊರಬೇಕಾದ ನಷ್ಟದ ಮಿತಿಯೂ ಪ್ರತಿ ವ್ಯವಹಾರಕ್ಕೆ ₹10,000. ಅಂದರೆ ಹೆಬ್ಬೆಟ್ಟಿನ ವಂಚನೆಯಲ್ಲಿ ನಾಲ್ಕರಿಂದ ಏಳನೇ ದಿನದ ರಿಯಾಯಿತಿಯಿಂದ ಅವರಿಗೆ ಬಿಡಿಗಾಸೂ ಉಳಿಯುವುದಿಲ್ಲ. ಅವರಿಗಿರುವುದು ಮೂರೇ ದಿನ. ಇಂಗ್ಲಿಷ್ ಮೆಸೇಜ್ ಓದಲು ಬಾರದ, ಫೋನನ್ನು ಮಗನ ಕೈಯಲ್ಲಿ ಕೊಟ್ಟಿರುವ ಹಳ್ಳಿಯ ಹಿರಿಯರಿಗೆ ಈ ಮೂರು ದಿನ ಎಷ್ಟು ಕಡಿಮೆ ಎಂದು ಬಿಡಿಸಿ ಹೇಳಬೇಕಿಲ್ಲ. ಹೆಬ್ಬೆಟ್ಟಿನ ವ್ಯವಹಾರ ಬೇಡ ಎನ್ನುವವರು ಆಧಾರ್ ಆ್ಯಪಿನಲ್ಲೋ ಜಾಲತಾಣದಲ್ಲೋ ತಮ್ಮ ಬೆರಳಚ್ಚಿಗೆ ಬೀಗ ಹಾಕಿಕೊಳ್ಳಬಹುದು.

ಒಟಿಪಿ ಕೊಟ್ಟವರ ಕಥೆ ಮುಗಿದೇ ಹೋಯಿತೇ?

ಇದು ಎರಡನೇ ದೊಡ್ಡ ತಪ್ಪು ತಿಳಿವಳಿಕೆ. ಪಿನ್ ಅಥವಾ ಒಟಿಪಿಯನ್ನು ನಾವೇ ಹೇಳಿಬಿಟ್ಟರೆ ನಿಯಮದ ಪ್ರಕಾರ ಅದು ನಮ್ಮ ನಿರ್ಲಕ್ಷ್ಯ, ನಷ್ಟ ನಮ್ಮದು. ಆದರೆ ಎಲ್ಲಿಯವರೆಗೆ? ಬ್ಯಾಂಕಿಗೆ ತಿಳಿಸುವವರೆಗೆ ಮಾತ್ರ. ತಿಳಿಸಿದ ಮೇಲೆ ಹೋದ ಒಂದೊಂದು ರೂಪಾಯಿಯೂ ಬ್ಯಾಂಕಿನ ಹೊಣೆ. ನಾಚಿಕೆಯಿಂದ ಮನೆಯವರಿಗೂ ಹೇಳದೆ ಸುಮ್ಮನಿರುವವರು ಕಳೆದುಕೊಳ್ಳುವುದು ಇದನ್ನೇ.

ಇನ್ನೂ ಒಂದು ಮಾತು. ಗ್ರಾಹಕನೇ ತಪ್ಪು ಮಾಡಿದ್ದಾನೆ ಎಂದು ರುಜುವಾತು ಮಾಡುವ ಭಾರ ಇರುವುದು ಬ್ಯಾಂಕಿನ ಮೇಲೆ. "ಒಟಿಪಿ ಇಲ್ಲದೆ ಹಣ ಹೋಗಲು ಸಾಧ್ಯವೇ ಇಲ್ಲ, ನೀವೇ ಕೊಟ್ಟಿರುತ್ತೀರಿ" ಎನ್ನುವುದು ಊಹೆಯೇ ಹೊರತು ರುಜುವಾತಲ್ಲ. ಅಸ್ಸಾಂನ ಗ್ರಾಹಕರೊಬ್ಬರು ಆನ್‌ಲೈನಲ್ಲಿ ಕೊಂಡ ಬಟ್ಟೆಯನ್ನು ಹಿಂತಿರುಗಿಸಲು ಹೋಗಿ, ವಂಚಕನ ಮಾತು ನಂಬಿ ಫೋನಿಗೆ ಒಂದು ಆ್ಯಪ್ ಹಾಕಿಕೊಂಡು ₹94 ಸಾವಿರಕ್ಕೂ ಹೆಚ್ಚು ಕಳೆದುಕೊಂಡಿದ್ದರು. ಬ್ಯಾಂಕು ತಪ್ಪು ಅವರದೇ ಎಂದಿತ್ತು. ಗುವಾಹಟಿ ಹೈಕೋರ್ಟ್ ಇದೇ 2017ರ ಸುತ್ತೋಲೆಯನ್ನು ಮುಂದಿಟ್ಟು ಬ್ಯಾಂಕನ್ನೇ ಹೊಣೆ ಮಾಡಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅವರ ಪರವಾಗಿದ್ದ ಮುಖ್ಯ ಸಂಗತಿಗಳಲ್ಲಿ ಒಂದು, ಹಣ ಹೋದ 24 ಗಂಟೆಯೊಳಗೆ ಅವರು ಬ್ಯಾಂಕಿಗೆ ತಿಳಿಸಿದ್ದು. ಗ್ರಾಹಕರೂ ಒಟಿಪಿ ವಿಷಯದಲ್ಲಿ ಎಚ್ಚರದಿಂದಿರಬೇಕು ಎಂದು ಸುಪ್ರೀಂ ಕೋರ್ಟ್ ಅದೇ ಆದೇಶದಲ್ಲಿ ಹೇಳಿದೆ. ಹಾಗಾಗಿ ಒಟಿಪಿ ಕೊಟ್ಟವರಿಗೆಲ್ಲ ಹಣ ಬಂದೇ ಬರುತ್ತದೆ ಎಂದು ಇದನ್ನು ಓದಿಕೊಳ್ಳಬಾರದು.

ದೂರು ಕೊಟ್ಟ ಹತ್ತು ಕೆಲಸದ ದಿನಗಳೊಳಗೆ ವಿವಾದದ ಮೊತ್ತವನ್ನು ಬ್ಯಾಂಕು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ವಿಮೆಯ ಹಣ ಬರಲಿ ಎಂದು ಕಾಯುವಂತಿಲ್ಲ. 90 ದಿನಗಳೊಳಗೆ ತನಿಖೆ ಮುಗಿಸಬೇಕು. ತಪ್ಪು ಯಾರದೆಂದು ಅಷ್ಟರಲ್ಲಿ ತೀರ್ಮಾನಿಸಲು ಆಗದಿದ್ದರೆ ಮೇಲೆ ಹೇಳಿದ ಲೆಕ್ಕದಂತೆ ಪರಿಹಾರ ಕೊಡಲೇಬೇಕು.

ಕಳ್ಳತನವಲ್ಲ, ಕೆಟ್ಟುನಿಂತದ್ದು

ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಲ್ಲಿ ಮಾತ್ರ ಕಡಿತವಾಯಿತು. ಯುಪಿಐನಲ್ಲಿ ಕಳಿಸಿದ್ದು ಆ ಕಡೆ ತಲುಪಲಿಲ್ಲ. ಇವಕ್ಕೆ 2019ರ ಇನ್ನೊಂದು ಸುತ್ತೋಲೆಯಿದೆ. ಎಟಿಎಂ ಹಣ ವ್ಯವಹಾರದ ದಿನದಿಂದ ಐದು ದಿನದೊಳಗೆ ವಾಪಸ್ ಬರಬೇಕು. ಒಬ್ಬರಿಂದೊಬ್ಬರಿಗೆ ಕಳಿಸಿದ ಯುಪಿಐ ಅಥವಾ ಐಎಂಪಿಎಸ್ ಹಣ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದು ತಲುಪದಿದ್ದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ ₹100ರಂತೆ ಪರಿಹಾರ. ಇದನ್ನು ಗ್ರಾಹಕ ದೂರು ಕೊಡದಿದ್ದರೂ ಬ್ಯಾಂಕು ತಾನಾಗಿಯೇ ಕೊಡಬೇಕು. ಇಲ್ಲಿ ಎಣಿಸುವುದು ಕ್ಯಾಲೆಂಡರಿನ ದಿನಗಳನ್ನು, ರಜೆಯ ನೆಪ ನಡೆಯದು.

ನಂಬರು ತಪ್ಪಾಗಿ ಒತ್ತಿ ಬೇರೆಯವರಿಗೆ ಹಣ ಕಳಿಸಿಬಿಟ್ಟರೆ ಮಾತ್ರ ಇದ್ಯಾವುದೂ ಅನ್ವಯಿಸುವುದಿಲ್ಲ. ಅದು ನೀವೇ ಒಪ್ಪಿ ಮಾಡಿದ ವ್ಯವಹಾರ. ಬ್ಯಾಂಕುಗಳು ಹಣ ಜಮಾ ಮಾಡುವುದು ಖಾತೆ ಸಂಖ್ಯೆ ನೋಡಿ, ಹೆಸರು ನೋಡಿ ಅಲ್ಲ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್‌ನಲ್ಲೂ ಕಳಿಸುವ ಮೊದಲೇ ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ತೋರಿಸುವ ಸೌಲಭ್ಯ ಬಂದಿದೆ. ಆ ಹೆಸರನ್ನು ಓದಿ ಮುಂದುವರಿಯಿರಿ.

ನಿಮ್ಮ ಹತ್ತಿರ ಏನಿರಬೇಕು?

"ಅಷ್ಟು ಹಳೆಯ ವಿವರ ನಮ್ಮಲ್ಲಿಲ್ಲ" ಎಂಬ ಉತ್ತರವನ್ನೂ ಸುಲಭವಾಗಿ ಒಪ್ಪಬೇಡಿ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ ವ್ಯವಹಾರಗಳ ದಾಖಲೆಯನ್ನು ಬ್ಯಾಂಕು ಐದು ವರ್ಷ ಇಟ್ಟುಕೊಳ್ಳಲೇಬೇಕು. ನಿಮ್ಮ ಗುರುತಿನ ದಾಖಲೆಗಳನ್ನು ಖಾತೆ ಮುಚ್ಚಿದ ಮೇಲೂ ಐದು ವರ್ಷ ಇಡಬೇಕು. ಈ ಕಾಯ್ದೆ ಬಂದದ್ದು ಕಪ್ಪುಹಣ ಹಿಡಿಯುವುದಕ್ಕೆ, ಗ್ರಾಹಕನ ಅನುಕೂಲಕ್ಕಲ್ಲ. ಆದರೂ ಅದರಿಂದಾಗಿ ದಾಖಲೆ ಉಳಿದಿರುತ್ತದೆ.

ನಿಮ್ಮ ಕಡೆಯಿಂದ ಇಟ್ಟುಕೊಳ್ಳಬೇಕಾದುದು ಸ್ವಲ್ಪವೇ. ಬಂದ ಎಸ್‌ಎಂಎಸ್‌ನ ಸ್ಕ್ರೀನ್‌ಶಾಟ್, ದಿನಾಂಕ ಮತ್ತು ಸಮಯ ಕಾಣುವಂತೆ. ವ್ಯವಹಾರದ ಉಲ್ಲೇಖ ಸಂಖ್ಯೆ (ಯುಪಿಐಯಲ್ಲಿ ಇದು 12 ಅಂಕಿಯದು). ದೂರಿನ ನಂಬರು. ಶಾಖೆಗೆ ಹೋಗಿ ಅರ್ಜಿ ಕೊಟ್ಟರೆ ಅದರ ನಕಲಿನ ಮೇಲೆ ದಿನಾಂಕ ಸಹಿತ ಬ್ಯಾಂಕಿನ ಮೊಹರು. ಬಾಯಿಮಾತಿನಲ್ಲಿ ಹೇಳಿ ಬಂದರೆ ಯಾವ ದಿನ ಹೇಳಿದಿರಿ ಎಂಬುದಕ್ಕೆ ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಸಿಮ್ ಬದಲಿಸಿದಾಗ ಹೊಸ ನಂಬರನ್ನು ಖಾತೆಗೆ ಸೇರಿಸದವರಿಗಂತೂ ಮೆಸೇಜೇ ಬರುವುದಿಲ್ಲ. ಅಂಥವರು ಮೊದಲು ಆ ಕೆಲಸ ಮುಗಿಸಬೇಕು.

ಬ್ಯಾಂಕು 30 ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಅಲ್ಲಿಯೂ ಮೊದಲು ಕೇಳುವುದು ಬ್ಯಾಂಕಿಗೆ ನೀವು ದೂರು ಕೊಟ್ಟ ದಿನಾಂಕವನ್ನು ಮತ್ತು ಅದರ ನಂಬರನ್ನು.