ಬಿಕ್ಕಳಿಕೆ ಬಂದದ್ದು ಎಲ್ಲಿಂದ?

ಊಟಕ್ಕೆ ಕೂತ ಮಗು ಎರಡು ತುತ್ತು ನುಂಗುವಷ್ಟರಲ್ಲಿ ಬಿಕ್ಕತೊಡಗುತ್ತದೆ. ಅಜ್ಜಿ ‘ಯಾರೋ ನೆನೆಸ್ಕೊಳ್ತಿದ್ದಾರೆ ಕಂದಾ’ ಅನ್ನುತ್ತಾಳೆ. ಅಮ್ಮ ನೀರಿನ ಲೋಟ ಮುಂದಿಡುತ್ತಾಳೆ. ಚಿಕ್ಕಪ್ಪ ‘ಏನೋ ಕದ್ದು ತಿಂದ್ಯಂತೆ?’ ಎಂದು ಗದರುತ್ತಾನೆ. ಮಗು ಗಾಬರಿಯಿಂದ ‘ಇಲ್ಲ, ನಾನೇನೂ ತಿಂದಿಲ್ಲ’ ಎಂದು ವಾದ ಮಾಡುವಷ್ಟರಲ್ಲಿ ಬಿಕ್ಕಳಿಕೆ ಎಷ್ಟೋ ಸಲ ನಿಂತೇ ಹೋಗಿರುತ್ತದೆ.

ನಮಗೆ ಇಷ್ಟು ಪರಿಚಿತವಾದ ಈ ಕ್ರಿಯೆ ವಿಜ್ಞಾನಿಗಳಿಗೆ ಮಾತ್ರ ಬಹುಕಾಲದಿಂದ ಒಗಟು. ಕೆಮ್ಮು ಏಕೆ ಬರುತ್ತದೆ ಎಂದರೆ ಉತ್ತರ ಸುಲಭ. ಶ್ವಾಸನಾಳಕ್ಕೆ ಬರಬಾರದ್ದು ಬಂದರೆ ಅದನ್ನು ಆಚೆ ತಳ್ಳಬೇಕು. ಸೀನು ಮೂಗನ್ನು ಚೊಕ್ಕಟ ಮಾಡುತ್ತದೆ, ವಾಂತಿ ಹೊಟ್ಟೆಯನ್ನು. ತೇಗು ಜಠರದ ಗಾಳಿಯನ್ನು ಬಿಡುತ್ತದೆ. ಬಿಕ್ಕಳಿಕೆ ಏನನ್ನೂ ಹೊರಹಾಕುವುದಿಲ್ಲ, ಒಳಗೂ ತರುವುದಿಲ್ಲ. ಗಾಳಿಯನ್ನು ರಭಸದಿಂದ ಒಳಗೆ ಕರೆಯುತ್ತದೆ, ಅದು ಬರುವ ಮೊದಲೇ ಬಾಗಿಲು ಮುಚ್ಚುತ್ತದೆ. ಹೀಗೆ ಒಂದೇ ಏಟಿಗೆ ಎರಡು ವಿರುದ್ಧ ಕೆಲಸ ಮಾಡುವ ಏರ್ಪಾಡು ನಮ್ಮ ದೇಹದಲ್ಲಿ ಏಕಿದೆ?

ಮೊದಲು ಅದು ನಡೆಯುವ ಬಗೆಯನ್ನು ನೋಡೋಣ. ಎದೆಗೂಡಿಗೂ ಹೊಟ್ಟೆಗೂ ನಡುವೆ ಮೇಲ್ಮುಖವಾಗಿ ಬಾಗಿದ ತೆಳುವಾದ ಸ್ನಾಯುವಿನ ಪದರವೊಂದಿದೆ. ಪಠ್ಯಪುಸ್ತಕಗಳಲ್ಲಿ ಅದರ ಹೆಸರು ವಪೆ. ವಪೆ ಬಿಗಿದು ಕೆಳಗಿಳಿದಾಗ ಎದೆಗೂಡು ಹಿಗ್ಗುತ್ತದೆ, ಕಮ್ಮಾರನ ತಿದಿಯಂತೆ ಶ್ವಾಸಕೋಶ ಗಾಳಿಯನ್ನು ಎಳೆದುಕೊಳ್ಳುತ್ತದೆ. ವಪೆ ಸಡಿಲಗೊಂಡಾಗ ಉಸಿರು ಆಚೆ ಬರುತ್ತದೆ. ನಾವು ಮಲಗಿದ್ದರೂ ಎದ್ದಿದ್ದರೂ ಇದು ನಿಲ್ಲದೆ ನಡೆಯುವ ಕೆಲಸ.

ಬಿಕ್ಕಳಿಕೆ ಬಂದಾಗ ಈ ವಪೆ, ಅದರೊಡನೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳೂ, ಹೇಳದೆ ಕೇಳದೆ ಒಮ್ಮೆಲೇ ಜಗ್ಗುತ್ತವೆ. ಗಾಳಿ ಒಳನುಗ್ಗಲು ಶುರುವಾಗುತ್ತದೆ. ಆದರೆ ಸುಮಾರು 35 ಮಿಲಿಸೆಕೆಂಡು ಕಳೆಯುವಷ್ಟರಲ್ಲಿ, ಅಂದರೆ ರೆಪ್ಪೆ ಬಡಿಯಲು ಬೇಕಾದ ಹೊತ್ತಿಗಿಂತಲೂ ಎಷ್ಟೋ ಕಡಿಮೆ ಸಮಯದಲ್ಲಿ, ಧ್ವನಿಪೆಟ್ಟಿಗೆಯೊಳಗಿನ ಧ್ವನಿತಂತುಗಳು ಒಂದಕ್ಕೊಂದು ಅಂಟಿಕೊಂಡು ಉಸಿರಿನ ಕಿಂಡಿಯನ್ನು ಮುಚ್ಚಿಬಿಡುತ್ತವೆ. ನುಗ್ಗುತ್ತಿದ್ದ ಗಾಳಿ ಅಲ್ಲೇ ತಡೆದು ನಿಲ್ಲುತ್ತದೆ. ಕುತ್ತಿಗೆ ಕುಲುಕುತ್ತದೆ, ಹೆಗಲು ಹಾರುತ್ತದೆ, ಆ ಶಬ್ದ ಕೇಳಿಸುತ್ತದೆ. ನಿಮಿಷಕ್ಕೆ ನಾಲ್ಕರಿಂದ 60 ಸಲದವರೆಗೂ ಇದು ಮರುಕಳಿಸಬಹುದು. ಆದರೆ ಒಬ್ಬೊಬ್ಬರ ಲಯ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ.

ಇದನ್ನು ನಡೆಸುವ ನರಗಳ ದಾರಿ ಬಹಳ ಉದ್ದ. ಗಂಟಲು, ಅನ್ನನಾಳ, ಜಠರ ಇವುಗಳ ಸುದ್ದಿಯನ್ನು ವೇಗಸ್ ಎಂಬ ನರ ಮಿದುಳಿನ ಬುಡಕ್ಕೆ ಒಯ್ಯುತ್ತದೆ. ಅಲ್ಲಿಂದ ಹೊರಟ ಆಜ್ಞೆ ಕುತ್ತಿಗೆಯ ಬೆನ್ನುಹುರಿಯಲ್ಲಿ ಹುಟ್ಟುವ ಫ್ರೆನಿಕ್ ನರದ ಮೂಲಕ ಎದೆಯನ್ನೆಲ್ಲ ದಾಟಿ ವಪೆಗೆ ತಲುಪುತ್ತದೆ. ಈ ದಾರಿಯಲ್ಲಿ ಎಲ್ಲಿ ಕೆರಳಿದರೂ ಬಿಕ್ಕಳಿಕೆ ಬರಬಹುದು. ಬಿಸಿ ಮುದ್ದೆಯನ್ನು ಖಾರದ ಸಾರಿನೊಂದಿಗೆ ಅವಸರದಲ್ಲಿ ನುಂಗಿದರೆ, ಹೊಟ್ಟೆ ಬಿರಿಯುವಂತೆ ತಿಂದರೆ, ಸೋಡಾ ಅಥವಾ ಮದ್ಯ ಕುಡಿದರೆ ಜಠರ ಉಬ್ಬುತ್ತದೆ ಇಲ್ಲವೇ ಅನ್ನನಾಳ ಉರಿಯುತ್ತದೆ, ಸುದ್ದಿ ಮೇಲಕ್ಕೆ ಹೋಗುತ್ತದೆ. ವೇಗಸ್ ನರದ ಒಂದು ಪುಟ್ಟ ಕವಲು ಕಿವಿಯ ಹೊರನಾಳಕ್ಕೂ ಹಬ್ಬಿದೆ. ಹಾಗಾಗಿ ಕಿವಿಯೊಳಗೆ ಸೇರಿಕೊಂಡ ಒಂದು ಕೂದಲು ತಮಟೆಗೆ ತಾಗುತ್ತಿದ್ದರೆ ಅದರಿಂದಲೂ ಬಿಡದ ಬಿಕ್ಕಳಿಕೆ ಬಂದದ್ದುಂಟು. ಕೂದಲು ತೆಗೆದ ಮೇಲೆ ಅದು ನಿಂತ ಪ್ರಸಂಗಗಳನ್ನು ವೈದ್ಯರು ದಾಖಲಿಸಿದ್ದಾರೆ.

ಇನ್ನು ಹೆಸರಿನ ವಿಚಾರ. ಕನ್ನಡದಲ್ಲಿ ಬಿಕ್ಕು, ಬಿಕ್ಕಳಿಕೆ, ತಮಿಳಿನಲ್ಲಿ ವಿಕ್ಕಲ್, ತೆಲುಗಿನಲ್ಲಿ ಎಕ್ಕಿಳ್ಳು, ವೆಕ್ಕಿಳ್ಳು. ತಮಿಳಿನ ವಾಯ್ ನಮ್ಮಲ್ಲಿ ಬಾಯಿ, ವೇರ್ ನಮ್ಮಲ್ಲಿ ಬೇರು ಆಗಿರುವಂತೆಯೇ ವಿಕ್ಕು ಬಿಕ್ಕು ಆಗಿದೆ. ಇವೆಲ್ಲ ಒಂದೇ ಬೇರಿನ ಚಿಗುರುಗಳು. ಸಂಸ್ಕೃತದಲ್ಲಿ ಹಿಕ್ಕಾ, ಹಿಂದಿಯಲ್ಲಿ ಹಿಚ್ಕಿ, ಮರಾಠಿಯಲ್ಲಿ ಉಚಕಿ, ಡಚ್ಚರಲ್ಲಿ ಹಿಕ್, ಇಂಗ್ಲಿಷರಲ್ಲಿ ಹಿಕಪ್. ನಂಟಿಲ್ಲದ ಭಾಷೆಗಳೂ ಒಂದು ಮೊಟಕು ಸ್ವರ, ಅದರ ಬೆನ್ನಿಗೇ ಉಸಿರನ್ನು ಕಡಿದು ನಿಲ್ಲಿಸುವ ವ್ಯಂಜನ ಎಂಬ ಒಂದೇ ಅಚ್ಚಿಗೆ ಬಂದು ನಿಂತಿವೆ. ಗಂಟಲ ಕಿಂಡಿ ಮುಚ್ಚಿದಾಗ ಕಿವಿಗೆ ಬೀಳುವುದೇ ಅದು. ಜನ ಕೇಳಿದ್ದನ್ನು ಕೇಳಿದ ಹಾಗೆ ಹೆಸರಿಟ್ಟರು.

ಇಂಗ್ಲಿಷಿನಲ್ಲಿ ಈ ಪದಕ್ಕೆ ಇನ್ನೊಂದು ಕಾಗುಣಿತವೂ ಇದೆ. ಇದೂ ಒಂದು ಬಗೆಯ ಕೆಮ್ಮಿರಬೇಕೆಂದು ಭಾವಿಸಿದವರು ಪದದ ಕೊನೆಗೆ ಕೆಮ್ಮನ್ನು ಸೂಚಿಸುವ ಅಕ್ಷರಗಳನ್ನು ಸೇರಿಸಿದರು. ಅದು ಕಾಗುಣಿತದ ತಪ್ಪು ಮಾತ್ರವಲ್ಲ, ಶರೀರಶಾಸ್ತ್ರದ ತಪ್ಪೂ ಹೌದು. ಕೆಮ್ಮು ಉಸಿರನ್ನು ಹೊರದೂಡುತ್ತದೆ, ಬಿಕ್ಕಳಿಕೆ ಒಳಗೆಳೆಯುತ್ತದೆ.

ನಮ್ಮವರು ಕಂಡುಕೊಂಡದ್ದು ಹೆಚ್ಚು ಸರಿಯಾದ ನಂಟು. ಅಳು ಉಮ್ಮಳಿಸಿ ಬಂದಾಗ ‘ಬಿಕ್ಕಿ ಬಿಕ್ಕಿ ಅತ್ತಳು’ ಅನ್ನುತ್ತೇವೆ. ತೆಲುಗರೂ ತಮಿಳರೂ ಅದೇ ಧಾತುವನ್ನು ಅಳುವಿಗೂ ಬಳಸುತ್ತಾರೆ. ರೋಮನ್ನರ ‘ಸಿಂಗುಲ್ಟಸ್’ ಎಂಬ ಲ್ಯಾಟಿನ್ ಪದಕ್ಕೂ ಬಿಕ್ಕಿ ಅಳುವುದು, ಬಿಕ್ಕಳಿಕೆ ಎಂಬ ಎರಡೂ ಅರ್ಥಗಳಿದ್ದವು. ಇಂದಿಗೂ ಬಿಕ್ಕಳಿಕೆಯ ವೈದ್ಯಕೀಯ ಹೆಸರು ಅದೇ. ಬಿಕ್ಕಿ ಅಳುವವರ ಎದೆಯನ್ನು ಗಮನಿಸಿ: ಅಲ್ಲಿಯೂ ಉಸಿರು ತುಂಡುತುಂಡಾಗಿ ಒಳಕ್ಕೆ ಎಳೆಯುತ್ತದೆ, ಗಂಟಲು ನಡುನಡುವೆ ಬಿಗಿಯುತ್ತದೆ. ಕಾರಣಗಳು ಬೇರೆ, ಕೆಲಸ ಮಾಡುವ ಸ್ನಾಯುಗಳು ಅವೇ.

ಇದರೊಡನೆ ನಾವು ಬೆರೆಸಿಬಿಡುವ ಇನ್ನೊಂದು ಸಂಗತಿ ‘ನೆತ್ತಿ ಹತ್ತುವುದು’. ನೀರು ಕುಡಿಯುವಾಗ ನಕ್ಕರೆ ಒಂದು ಹನಿ ಅನ್ನನಾಳ ಬಿಟ್ಟು ಶ್ವಾಸನಾಳದ ಬಾಯಿಗೆ ಬೀಳುತ್ತದೆ, ಜೋರು ಕೆಮ್ಮು ಬರುತ್ತದೆ, ಮನೆಯವರು ನೆತ್ತಿ ತಟ್ಟುತ್ತಾರೆ. ಆಗಲೂ ‘ಯಾರೋ ನೆನೆಸ್ಕೊಂಡ್ರು’ ಎಂಬ ಮಾತು ಬರುತ್ತದೆ. ನೆತ್ತಿಗೂ ಆ ಹನಿಗೂ ಸಂಬಂಧವಿಲ್ಲ. ಅದನ್ನು ಆಚೆ ಹಾಕುವುದು ಕೆಮ್ಮು. ಕೆಮ್ಮಲು ಬಿಡುವುದೇ ಅದಕ್ಕೆ ಮದ್ದು. ಕೆಮ್ಮಲೂ ಆಗದೆ, ಮಾತೂ ಹೊರಡದೆ ಉಸಿರುಗಟ್ಟಿದ ದೊಡ್ಡವರಿಗೆ ಬೇಕಾದದ್ದು ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಬಲವಾಗಿ ಕೊಡುವ ಏಟು. ಅದು ತುರ್ತು ಪರಿಸ್ಥಿತಿ, ಬಿಕ್ಕಳಿಕೆಯಲ್ಲ.

ಈಗ ಒಗಟಿಗೆ ಬರೋಣ. ಒಳಗೆಳೆಯುವುದು ಮತ್ತು ಮುಚ್ಚುವುದು ಒಟ್ಟಿಗೇ ಏಕೆ? ಪ್ಯಾರಿಸಿನ ಕ್ರಿಶ್ಚಿಯನ್ ಸ್ಟ್ರಾಸ್ ಮತ್ತು ಸಂಗಡಿಗರು 2003ರಲ್ಲಿ ಒಂದು ಉತ್ತರ ಕೊಟ್ಟರು: ಕೆರೆಯ ಗೊದಮೊಟ್ಟೆಯನ್ನು ನೋಡಿ. ಕಪ್ಪೆಯ ಮರಿಗೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ನೀರನ್ನು ಬಾಯಿಗೆ ಎಳೆದುಕೊಂಡು ಕಿವಿರಿನ ಮೂಲಕ ಬಿಡುವಾಗ ಅದು ಶ್ವಾಸಕೋಶಕ್ಕೆ ನುಗ್ಗದಂತೆ ಗಂಟಲ ಕಿಂಡಿಯನ್ನು ಮುಚ್ಚಬೇಕು. ಎಳೆ, ಮುಚ್ಚು, ಎಳೆ, ಮುಚ್ಚು. ಲಯಬದ್ಧವಾದ ಆ ಕೆಲಸ ಬಿಕ್ಕಳಿಕೆಯ ನಕಲಿನಂತಿದೆ. ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. ಇಂಗಾಲದ ಡೈಆಕ್ಸೈಡ್ ಹೆಚ್ಚಾದರೆ ಗೊದಮೊಟ್ಟೆಯ ಕಿವಿರಿನ ಉಸಿರಾಟ ತಗ್ಗುತ್ತದೆ, ಮನುಷ್ಯರ ಬಿಕ್ಕಳಿಕೆಯೂ ತಗ್ಗುತ್ತದೆ. ಶ್ವಾಸಕೋಶವನ್ನು ಪೂರ್ತಿ ಹಿಗ್ಗಿಸಿದರೆ ಎರಡೂ ನಿಲ್ಲುತ್ತವೆ. ಬ್ಯಾಕ್ಲೋಫೆನ್ ಎಂಬ ಔಷಧಿಗೂ ಎರಡೂ ಬಗ್ಗುತ್ತವೆ. ನೀರಿನಿಂದ ನೆಲಕ್ಕೆ ಬಂದ ನಮ್ಮ ದೂರದ ಪೂರ್ವಜರು ಬಳಸುತ್ತಿದ್ದ ನರಮಂಡಲದ ಏರ್ಪಾಡು ನಮ್ಮ ಮಿದುಳಿನ ಬುಡದಲ್ಲಿ ಇನ್ನೂ ಉಳಿದುಕೊಂಡಿದೆ ಎಂಬುದು ಈ ವಾದ.

ಕೆನಡಾದ ವೈದ್ಯ ಡೇನಿಯಲ್ ಹೋವ್ಸ್ 2012ರಲ್ಲಿ ಮುಂದಿಟ್ಟದ್ದು ಬೇರೆ ಉತ್ತರ. ಬಿಕ್ಕಳಿಕೆ ಇರುವುದು ಸಸ್ತನಿಗಳಲ್ಲಿ, ಅವುಗಳ ಮರಿಗಳಲ್ಲಂತೂ ಬಹಳ ಹೆಚ್ಚು. ಸಸ್ತನಿಗಳೆಂದರೆ ಹಾಲು ಕುಡಿದು ಬೆಳೆಯುವವು. ಹಾಲಿನ ಜೊತೆ ಗಾಳಿಯೂ ಹೊಟ್ಟೆಗೆ ಸೇರಿ ಜಾಗ ತಿನ್ನುತ್ತದೆ. ವಪೆ ಕೆಳಕ್ಕೆ ಜಗ್ಗಿ, ಗಂಟಲ ಕಿಂಡಿ ಮುಚ್ಚಿದಾಗ ಎದೆಯೊಳಗಿನ ಒತ್ತಡ ಇಳಿದು ಜಠರದ ಗಾಳಿ ಅನ್ನನಾಳಕ್ಕೆ ಏರುತ್ತದೆ. ಮರಿಗೆ ಇನ್ನಷ್ಟು ಹಾಲು ಹಿಡಿಸುತ್ತದೆ. ಹಾಲು ಕುಡಿಸಿದ ಮೇಲೆ ತಾಯಿ ಮಗುವನ್ನು ಹೆಗಲಿಗೆ ಹಾಕಿ ಬೆನ್ನು ಸವರಿ ತೇಗಿಸುತ್ತಾಳಲ್ಲ, ಅದೇ ಕೆಲಸವನ್ನು ದೇಹ ತಾನೇ ಮಾಡಿಕೊಳ್ಳುವ ದಾರಿ ಇದು ಎನ್ನುತ್ತದೆ ಈ ವಾದ.

ಮೂರನೆಯ ಸುಳಿವು ಸಿಕ್ಕಿದ್ದು ಲಂಡನ್ನಿನಲ್ಲಿ. ಗರ್ಭದಲ್ಲಿರುವ ಶಿಶು ಒಂಬತ್ತು ವಾರಗಳ ಹೊತ್ತಿಗೇ ಬಿಕ್ಕುತ್ತದೆ. ತುಂಬು ಬಸುರಿಯರು ಹೊಟ್ಟೆಯೊಳಗೆ ಒಂದೇ ಲಯದಲ್ಲಿ ಮಿಡಿಯುವ ಸಣ್ಣ ಕುಲುಕನ್ನು ಗುರುತಿಸಬಲ್ಲರು; ಅದು ಒದೆತವಲ್ಲ, ಬಿಕ್ಕಳಿಕೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳು ದಿನಕ್ಕೆ ಹತ್ತಿರಹತ್ತಿರ 15 ನಿಮಿಷ ಬಿಕ್ಕುತ್ತವೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕಿಂಬರ್ಲಿ ವೈಟ್‌ಹೆಡ್ ಮತ್ತು ಸಂಗಡಿಗರು 13 ನವಜಾತ ಶಿಶುಗಳ ತಲೆಗೆ ವಿದ್ಯುದ್ವಾರಗಳನ್ನು ಅಂಟಿಸಿ ಬಿಕ್ಕಳಿಕೆ ಬರುವುದನ್ನು ಕಾದರು. ವಪೆ ಜಗ್ಗಿದ ಪ್ರತಿಸಲವೂ ಮಿದುಳಿನಲ್ಲಿ ಮೂರು ಅಲೆಗಳು ಎದ್ದವು. ಮೂರನೆಯದು ಶಬ್ದ ಕೇಳಿದಾಗ ಏಳುವ ಅಲೆಯನ್ನು ಹೋಲುತ್ತಿತ್ತು. ಸ್ನಾಯು ಜಗ್ಗಿದ್ದಕ್ಕೂ ಕಿವಿಗೆ ಕೇಳಿದ ಶಬ್ದಕ್ಕೂ ಮಗುವಿನ ಮಿದುಳು ಗಂಟು ಹಾಕುತ್ತಿರಬಹುದು, ಉಸಿರಾಟದ ಸ್ನಾಯುಗಳನ್ನು ಆಳುವುದನ್ನು ಹೀಗೆ ಕಲಿಯುತ್ತಿರಬಹುದು ಎಂದು 2019ರಲ್ಲಿ ಅವರು ಬರೆದರು.

ಈ ಮೂರರಲ್ಲಿ ಒಂದನ್ನು ಆರಿಸಿ ಉಳಿದೆರಡನ್ನು ಬಿಡಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಜೀವವಿಕಾಸ ಹಳೆಯದನ್ನು ಎಸೆಯುವುದಕ್ಕಿಂತ ಹೊಸ ಕೆಲಸಕ್ಕೆ ಹಚ್ಚುವುದೇ ಹೆಚ್ಚು. ಕಿವಿರಿಗೆಂದು ಹುಟ್ಟಿದ ಏರ್ಪಾಡು ಹಾಲೂಡುವ ಜೀವಿಗಳಲ್ಲಿ ಗಾಳಿ ಬಿಡಿಸಲು, ಗರ್ಭದಲ್ಲಿ ಮಿದುಳನ್ನು ಪಳಗಿಸಲು ಒದಗಿರುವುದು ಸಾಧ್ಯ. ದೊಡ್ಡವರಾದ ಮೇಲೆ ನಮಗೆ ಅದರ ಹಂಗಿಲ್ಲ, ಆದರೆ ತಂತಿಗಳು ಹಾಗೇ ಉಳಿದಿವೆ.

ಮದ್ದಿನ ಚರಿತ್ರೆಯೂ ದೊಡ್ಡದು. ಪ್ಲೇಟೊನ ‘ಸಿಂಪೋಸಿಯಂ’ನಲ್ಲಿ ನಾಟಕಕಾರ ಅರಿಸ್ಟೊಫನೀಸನಿಗೆ ತನ್ನ ಸರದಿಯಲ್ಲಿ ಮಾತಾಡಲಾಗದಂತೆ ಬಿಕ್ಕಳಿಕೆ ಹಿಡಿಯುತ್ತದೆ. ಉಸಿರು ಬಿಗಿಹಿಡಿ, ನಿಲ್ಲದಿದ್ದರೆ ನೀರು ಮುಕ್ಕಳಿಸು, ಅದಕ್ಕೂ ನಿಲ್ಲದಿದ್ದರೆ ಮೂಗು ಕೆರಳಿಸಿ ಸೀನು ಎಂದು ಪಕ್ಕದಲ್ಲಿದ್ದ ವೈದ್ಯ ಎರಿಕ್ಸಿಮಾಕಸ್ ಹೇಳುತ್ತಾನೆ. ಕೊನೆಗೆ ನಿಲ್ಲುವುದು ಸೀನಿನಿಂದ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಹಿಕ್ಕಾ ಮತ್ತು ಶ್ವಾಸರೋಗಗಳಿಗೆ ಒಂದು ಅಧ್ಯಾಯವೇ ಇದೆ. ಅಲ್ಲಿ ಹಿಕ್ಕಾವನ್ನು ಐದು ಬಗೆಯಾಗಿ ವಿಂಗಡಿಸಿ, ಊಟದಿಂದ ಬರುವ ಹಗುರಾದ ‘ಅನ್ನಜಾ’ವನ್ನು ಪ್ರಾಣಕ್ಕೆ ಎರವಾಗುವ ಬಗೆಗಳಿಂದ ಬೇರೆ ಇಟ್ಟಿದ್ದಾರೆ. ಇಂದಿನ ವೈದ್ಯರೂ ಮೊದಲು ಮಾಡುವುದು ಇದೇ ವಿಂಗಡಣೆ.

ಮನೆಮದ್ದುಗಳಲ್ಲಿ ಹುರುಳಿರುವವು ಎರಡು ಬಗೆಯವು. ಉಸಿರು ಬಿಗಿಹಿಡಿಯುವುದರಿಂದ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಬಿಕ್ಕಳಿಕೆಯ ಲಯ ಕುಗ್ಗುತ್ತದೆ. ತಣ್ಣೀರನ್ನು ಗುಟುಕುಗುಟುಕಾಗಿ ನುಂಗುವುದು, ಮುಕ್ಕಳಿಸುವುದು ಗಂಟಲಿನ ಹಿಂಭಾಗವನ್ನು ಕೆಣಕಿ ವೇಗಸ್ ನರಕ್ಕೆ ಬೇರೆ ಸುದ್ದಿ ಕೊಡುತ್ತವೆ. ಬಾಯಿಗೆ ಒಂದು ಚಮಚ ಒಣ ಸಕ್ಕರೆ ಹಾಕಿ ನುಂಗಿಸುವ ಪದ್ಧತಿಯನ್ನು ಅಮೆರಿಕದ ವೈದ್ಯರು 20 ಜನರ ಮೇಲೆ ಪ್ರಯೋಗಿಸಿ, 19 ಮಂದಿಗೆ ನಿಂತಿತೆಂದು 1971ರಲ್ಲಿ ವರದಿ ಮಾಡಿದರು. ಇತ್ತೀಚೆಗೆ ಟೆಕ್ಸಾಸಿನ ವೈದ್ಯರು ಬಲವಾಗಿ ಹೀರಿದರೆ ಮಾತ್ರ ನೀರು ಬರುವ ಒಂದು ಕೊಳವೆ ಮಾಡಿದರು. ಹೀರುವಾಗ ವಪೆಯ ಫ್ರೆನಿಕ್ ನರ ದುಡಿಯುತ್ತದೆ, ನುಂಗುವಾಗ ವೇಗಸ್. ಎರಡು ನರಗಳಿಗೂ ಒಟ್ಟಿಗೆ ಕೆಲಸ. ಬಳಸಿದ 249 ಜನರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಫಲ ಸಿಕ್ಕಿತೆಂದು ಹೇಳಿದರು. ಆದರೆ ಹೋಲಿಸಿ ನೋಡಲು ಅದರಲ್ಲಿ ಇನ್ನೊಂದು ಗುಂಪು ಇರಲಿಲ್ಲ ಎಂಬುದನ್ನೂ ನೆನಪಿಡಬೇಕು. ಸುಮ್ಮನಿದ್ದರೂ ಬಹುತೇಕ ಬಿಕ್ಕಳಿಕೆ ತಾನಾಗಿಯೇ ಹೋಗುತ್ತದೆ, ಹೋದಾಗ ಕೊನೆಗೆ ಮಾಡಿದ ಮದ್ದಿಗೆ ಹೆಸರು ಬರುತ್ತದೆ.

ಹೋಗದಿದ್ದರೆ? ಅಮೆರಿಕದ ಐಯೋವಾದ ಚಾರ್ಲ್ಸ್ ಆಸ್‌ಬಾರ್ನ್ ಎಂಬಾತನಿಗೆ 1922ರಲ್ಲಿ ಭಾರಿ ಹಂದಿಯೊಂದನ್ನು ಎತ್ತಲು ಹೋದಾಗ ಶುರುವಾದ ಬಿಕ್ಕಳಿಕೆ 1990ರವರೆಗೆ, 68 ವರ್ಷ, ನಿಲ್ಲಲಿಲ್ಲ. ಅಷ್ಟರ ನಡುವೆಯೂ ಆತ ದುಡಿದ, ಸಂಸಾರ ಮಾಡಿದ, ಎಂಟು ಮಕ್ಕಳ ತಂದೆಯಾದ. ಅದು ನಿಂತ ಮರುವರ್ಷ ತೀರಿಕೊಂಡ. ಇದು ಅಪರೂಪದಲ್ಲಿ ಅಪರೂಪ. ಆದರೆ ದಿನಗಟ್ಟಲೆ ಬಿಡದ ಬಿಕ್ಕಳಿಕೆ ಅಷ್ಟೇನೂ ಅಪರೂಪವಲ್ಲ. ಅದು ಊಟ, ನಿದ್ದೆ ಎರಡನ್ನೂ ಕಸಿದುಕೊಂಡು ಮನುಷ್ಯನನ್ನು ಹಣ್ಣು ಮಾಡುತ್ತದೆ. ಅದರ ಹಿಂದೆ ಅನ್ನನಾಳಕ್ಕೆ ಏರುವ ಆಮ್ಲ, ಮೂತ್ರಪಿಂಡದ ವೈಫಲ್ಯ, ಮಿದುಳಿನ ಬುಡಕ್ಕೆ ಬಡಿದ ಪಾರ್ಶ್ವವಾಯು, ಕೆಲವೊಮ್ಮೆ ಹೃದಯಾಘಾತವೂ ಇರಬಹುದು. ಸ್ಟೆರಾಯ್ಡ್‌ನಂಥ ಔಷಧಿಗಳೂ ಕಾರಣವಾಗುವುದುಂಟು.

ಆದ್ದರಿಂದ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಎಳೆಗೂಸು ಬಿಕ್ಕಿದರೆ ಗಾಬರಿ ಬೇಡ. ಅದರ ಹಣೆಗೆ ದಾರ ಅಂಟಿಸುವುದರಿಂದ ಲಾಭವಿಲ್ಲ, ಕುಲುಕಾಡಿಸಿ ಬೆಚ್ಚಿಬೀಳಿಸುವುದಂತೂ ಬೇಡವೇ ಬೇಡ. ದೊಡ್ಡವರಿಗೆ ಬಂದರೆ ಉಸಿರು ಬಿಗಿಹಿಡಿಯಲಿ, ತಣ್ಣೀರು ಕುಡಿಯಲಿ, ಸ್ವಲ್ಪ ಹೊತ್ತು ಕಾಯಲಿ. ಆದರೆ 48 ಗಂಟೆ ದಾಟಿಯೂ ನಿಲ್ಲದಿದ್ದರೆ ‘ಯಾರೋ ನೆನೆಸ್ತಿದ್ದಾರೆ’ ಎಂದು ಕೂರದೆ ವೈದ್ಯರ ಹತ್ತಿರ ಹೋಗಿ. ಬಿಕ್ಕಳಿಕೆಯ ಜೊತೆಗೆ ಎದೆನೋವು, ಮಾತು ತೊದಲುವುದು, ಕೈಕಾಲಿನ ಬಲ ಕುಂದುವುದು ಕಂಡರೆ ಅಷ್ಟು ಹೊತ್ತೂ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.